ತೋಟೆ ತುಂಬುವ ಮೇಜು ಮತ್ತು ನನ್ನ ಸೊಂಟ

ನನ್ನ ಗಂಡನ ಹತ್ತಿರ ಕೋವಿ ಇಲ್ಲ. ಮದ್ದು ಇಲ್ಲ, ಗುಂಡು ಇಲ್ಲ, ತೋಟೆಯ ಖಾಲಿ ಕೊಳವೆ ಕೂಡ ಇಲ್ಲ. ವೀಸಾದ ಮೇಲೆ ಬದುಕುವ ನಮ್ಮಂಥವರು ಬಹರೈನ್‌ನಲ್ಲಿ ಅವುಗಳ ಹೆಸರನ್ನು ಸ್ವಲ್ಪ ಜೋರಾಗಿ ಹೇಳಿದರೂ ಸಾಕು, ಮುಂದಿನ ವಿಮಾನದಲ್ಲಿ ಕೂತಿರುತ್ತೇವೆ. ಆದರೂ ಅವಾಲಿಯ ನಮ್ಮ ಕ್ವಾರ್ಟರ್ಸಿನ ಕಾರ್ ಶೆಡ್ಡಿನಲ್ಲಿ ಅವರು ತೋಟೆ ತುಂಬುವ ಮೇಜು ಕಟ್ಟಿದರು. ಚಳಿಗಾಲ ಪೂರ್ತಿ ಕಟ್ಟಿದರು. ಅಷ್ಟು ದಿನವೂ ನಮ್ಮ ಕಾರು ರಸ್ತೆಬದಿಯಲ್ಲಿ ಧೂಳು ತಿನ್ನುತ್ತ ನಿಂತಿತ್ತು.

ತೋಟೆ ಎಂದರೆ ಕಾರ್ಟ್ರಿಜ್. ಒಮ್ಮೆ ಹಾರಿಸಿದ ಮೇಲೆ ಉಳಿಯುವ ಕೊಳವೆಯನ್ನು ಎಸೆಯದೆ, ಅದಕ್ಕೆ ಹೊಸದಾಗಿ ಮದ್ದು ಮತ್ತು ಚರೆ, ಅಂದರೆ ಸೀಸದ ಸಣ್ಣ ಗುಂಡು, ತುಂಬಿ, ಬಾಯಿ ಮುಚ್ಚಿ ಮತ್ತೆ ಬಳಸಬಹುದಂತೆ. ಅದಕ್ಕೊಂದು ಹಿಡಿಕೆಯ ಯಂತ್ರವಿದೆಯಂತೆ. ಆ ಯಂತ್ರವನ್ನು ಕೂರಿಸಲು ಒಂದು ಮೇಜು ಬೇಕಂತೆ. ಅಮೆರಿಕದ ನಿವೃತ್ತ ಗಂಡಸರು ಮನೆಯ ಗ್ಯಾರೇಜಿನಲ್ಲಿ ನಿಂತು ಆ ಮೇಜಿನ ಬಗ್ಗೆಯೇ ಒಂದೊಂದು ಗಂಟೆ ಮಾತಾಡುವ ವಿಡಿಯೊಗಳಿವೆ. ನನ್ನ ಗಂಡ ಅವನ್ನು ಊಟ ಮಾಡುತ್ತ ನೋಡುತ್ತಿದ್ದರು, ಹಲ್ಲುಜ್ಜುತ್ತ ನೋಡುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ಕೇಳಿದರೆ, "ಕಾಲು ದಪ್ಪ ಇರಬೇಕು, ಅದೇ ಮುಖ್ಯ" ಎನ್ನುತ್ತಿದ್ದರು.

ಈಗ ನನ್ನ ಸೊಂಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕಥೆ ನಿಜಕ್ಕೂ ಅದರದ್ದೇ.

ನಾನು ನರ್ಸು. ಹಾಸನದ ಕಡೆಯವಳು, ನಮ್ಮ ಮನೆಯಲ್ಲಿ ಎಲ್ಲರೂ ಉದ್ದ. ಡ್ಯೂಟಿಯಲ್ಲಿ ಪೂರ್ತಿ ನಿಂತೇ ಇರುತ್ತೇನೆ, ಮನೆಗೆ ಬಂದು ಅಡುಗೆಕಟ್ಟೆಯ ಮುಂದೆ ಮತ್ತೆ ನಿಲ್ಲುತ್ತೇನೆ. ನಿಲ್ಲುತ್ತೇನೆ ಅನ್ನುವುದು ಸುಳ್ಳು, ಬಾಗುತ್ತೇನೆ. ಆ ಕಟ್ಟೆ ಯಾರ ಅಳತೆಗೆ ಕಟ್ಟಿದ್ದೋ ದೇವರಿಗೇ ಗೊತ್ತು, ನನ್ನ ತೊಡೆಗೆ ಬರುತ್ತದೆ. ಹಿಟ್ಟು ನಾದುವಾಗ, ಮೀನು ಹೆಚ್ಚುವಾಗ, ಪಾತ್ರೆ ತೊಳೆಯುವಾಗ ನಾನು ನೆಲದಲ್ಲಿ ಕಿವಿಯೋಲೆ ಹುಡುಕುತ್ತಿರುವಂತೆ ಕಾಣುತ್ತೇನೆ ಅಂತ ಮಗಳು ನಗುತ್ತಾಳೆ. ಈಸಾ ಟೌನ್‌ನ ಶಾಲೆಯಲ್ಲಿ ಹನ್ನೊಂದನೆಯ ತರಗತಿಯಲ್ಲಿದ್ದಾಳೆ, ಅವಳೂ ನನ್ನ ಹಾಗೆ ಉದ್ದ, ಅದಕ್ಕೇ ಅಡುಗೆಮನೆಗೆ ಬರುವುದಿಲ್ಲ. ನಮ್ಮ ಆಸ್ಪತ್ರೆಯ ಫಿಸಿಯೊಥೆರಪಿಯವಳು ನನ್ನ ಬೆನ್ನನ್ನು ಒತ್ತಿ ನೋಡಿ ಖಡಾಖಂಡಿತವಾಗಿ ಹೇಳಿದಳು. ಕೆಲಸ ಮಾಡುವ ಕಟ್ಟೆ ಮೊಣಕೈಯ ಮಟ್ಟಕ್ಕೆ ಬರಬೇಕು, ಇಲ್ಲದಿದ್ದರೆ ಇನ್ನು ಸ್ವಲ್ಪ ಕಾಲದಲ್ಲಿ ವಾರ್ಡಿನಲ್ಲಿ ನಿಲ್ಲುವ ಕೆಲಸವನ್ನೇ ಬಿಡಬೇಕಾಗುತ್ತದೆ. ಕೆಲಸ ಬಿಟ್ಟು ನಾನು ಬದುಕುವವಳಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

"ರೀ, ಆ ಕಟ್ಟೆ ಎತ್ತರಿಸಿ ಕೊಡ್ರೀ," ಅಂದೆ.

"ಕಂಪನಿ ಮನೆ ಮಾರಾಯ್ತಿ. ಕೈ ಹಾಕುವ ಹಾಗಿಲ್ಲ," ಅಂದರು.

ಮನೆ ಕೊಟ್ಟ ಆ ಎಣ್ಣೆ ಕಂಪನಿಯಲ್ಲೇ ಅವರು ಮೇಂಟೆನೆನ್ಸ್ ಎಂಜಿನಿಯರು. ಮನೆಯಷ್ಟು ಎತ್ತರದ ಪಂಪುಗಳನ್ನು ಬಿಚ್ಚಿ ಜೋಡಿಸುತ್ತಾರೆ. ಪಾಕಿಸ್ತಾನಿ ಫೋರ್‌ಮನ್ನನ ಎ.ಸಿ. ಕೆಟ್ಟರೆ ರಜಾ ದಿನವೂ ಓಡುತ್ತಾರೆ. ನನ್ನ ಕಟ್ಟೆಗೆ ಮಾತ್ರ ಕಂಪನಿಯ ಕಾಯಿದೆ ಅಡ್ಡ ಬರುತ್ತದೆ. ಕಟ್ಟೆಯ ಮೇಲೆ ಒಂದು ಮರದ ಪೀಠವನ್ನಾದರೂ ಮಾಡಿಕೊಡಿ ಎಂದೆ. "ನೋಡುವ" ಅಂದರು. ಮಂಗಳೂರು ಕಡೆಯವರು "ನೋಡುವ" ಅಂದರೆ ಆ ವಿಷಯ ಮಣ್ಣಾಯಿತು ಎಂದು ಅರ್ಥ, ಇದು ನನಗೆ ಮದುವೆಯಾದ ಮೊದಲ ವರ್ಷದಲ್ಲೇ ಗೊತ್ತಾಗಿತ್ತು.

ಆಮೇಲೆ ಮೇಜು ಬಂತು.

ಬೆಳ್ತಂಗಡಿಯ ಕಡೆ ಅವರ ತಂದೆಯ ಹೆಸರಿನಲ್ಲಿ ಒಂದು ಜೋಡುನಳಿಗೆಯ ತೋಟೆ ಕೋವಿ ಇತ್ತು. ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಮರಗೆಣಸಿಗೆ ಹಂದಿ ನುಗ್ಗುತ್ತಿತ್ತು, ಮಾವನವರು ರಾತ್ರಿ ಆಕಾಶಕ್ಕೆ ಒಂದು ಈಡು ಹಾರಿಸಿ ಮಲಗುತ್ತಿದ್ದರು. ಹಂದಿಗಳಿಗೂ ಅದು ಅಭ್ಯಾಸವಾಗಿ, ಈಡು ಕೇಳಿದ ಮೇಲೆ ಇನ್ನು ಮುದುಕ ಮಲಗಿದ ಎಂದು ನೆಮ್ಮದಿಯಿಂದ ಬರುತ್ತಿದ್ದವಂತೆ. ನನ್ನ ಗಂಡ ಕಾಲೇಜಿನಲ್ಲಿದ್ದಾಗ ಒಮ್ಮೆ ಆ ಕೋವಿ ಹಿಡಿದು ಹಂದಿಗೆ ಗುರಿಯಿಟ್ಟರು. ಪಕ್ಕದ ಮನೆಯವರ ಬಚ್ಚಲಿನ ತಾಮ್ರದ ಹಂಡೆ ತೂತಾಯಿತು. ಇಷ್ಟೇ ಅವರ ಬೇಟೆಯ ಇತಿಹಾಸ. ಇದನ್ನು ನನಗೆ ಹೇಳಿದ್ದು ಅತ್ತೆ. ಗಂಡ ಹೇಳುವ ಕಥೆಯಲ್ಲಿ ಹಂಡೆ ಬರುವುದಿಲ್ಲ.

ಮಾವನವರು ತೀರಿಕೊಂಡ ಮೇಲೆ ಕೋವಿ ಊರಿನಲ್ಲಿರುವ ಮೈದುನನ ಹೆಸರಿಗೆ ಬಂತು. ಇಲ್ಲಿಯ ಕೆಲಸ ಮುಗಿಸಿ ಊರಿಗೆ ಹೋದ ಮೇಲೆ ಅದನ್ನು ತಾನು ತೆಗೆದುಕೊಳ್ಳುವುದು, ತೋಟೆಯನ್ನು ತಾನೇ ತುಂಬುವುದು, ಹಂದಿಗಳಿಗೆ ಒಂದು ಗತಿ ಕಾಣಿಸುವುದು ಎಂಬುದು ನನ್ನ ಗಂಡನ ಯೋಜನೆ. ಊರಿಗೆ ಹೋಗಲು ಇನ್ನೂ ವರ್ಷಗಳಿವೆ. ಯಂತ್ರ ತೆಗೆದುಕೊಂಡಿಲ್ಲ. ಪರವಾನಗಿ ಕೇಳಿಲ್ಲ. ಆದರೆ ಮೇಜು ಮೊದಲು ಆಗಬೇಕು, ಇಲ್ಲಿ ಒಳ್ಳೆಯ ಮರ ಸಿಗುತ್ತದೆ, ಹೋಗುವಾಗ ಕಂಟೈನರಿನಲ್ಲಿ ಹಾಕಿಬಿಡುವುದು. ಮದ್ದು ಗುಂಡು ಎಲ್ಲ ಊರಿನಲ್ಲಿ, ಕಾಯಿದೆ ಪ್ರಕಾರ, ಇಲ್ಲಿ ಬರೀ ಮರ ಮೊಳೆ, ಅದಕ್ಕೆ ಯಾರ ಅಡ್ಡಿ? ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದರು. ತೊಟ್ಟಿಲು ಕೊಂಡು ಆಮೇಲೆ ಹೆಣ್ಣು ನೋಡಲು ಹೋಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ನನ್ನ ಗಂಡ ನನಗಿಂತ ಗಿಡ್ಡ. ಎಷ್ಟು ಗಿಡ್ಡ ಎಂದು ಈ ಬರಹದಲ್ಲೂ ಹೇಳುವುದಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಆ ಅಂಕಿಯೇ ಇಲ್ಲ. ಹೆಣ್ಣು ನೋಡಲು ಬಂದಾಗ ನನ್ನನ್ನು ಕೂರಿಸಿಯೇ ತೋರಿಸಿದ್ದರು. ಮದುವೆಯ ಫೋಟೊದಲ್ಲಿ ಫೋಟೊಗ್ರಾಫರು ಅವರನ್ನು ಚರ್ಚಿನ ಮೆಟ್ಟಿಲ ಮೇಲೆ ನಿಲ್ಲಿಸಿ, ನನ್ನನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದರು. "ಇಬ್ಬರದ್ದೂ ಸೇಮ್ ಹೈಟ್, ಒಳ್ಳೆ ಜೋಡಿ" ಎಂದು ಅವರ ಸೋದರತ್ತೆ ಫೋಟೊ ನೋಡಿ ಘೋಷಿಸಿದರು. ಅಲ್ಲಿಂದ ಅದೇ ಸತ್ಯವಾಯಿತು. ನಾನು ಹೀಲ್ಸ್ ಹಾಕುವುದಿಲ್ಲ. ಲಿಫ್ಟಿನ ಕನ್ನಡಿಯಲ್ಲಿ ಅವರು ಮೊಬೈಲ್ ನೋಡುತ್ತಾರೆ. ಮಗಳು ಚಿಕ್ಕವಳಿದ್ದಾಗ "ಮಮ್ಮಿ ಈಸ್ ಬಿಗರ್" ಎಂದಿದ್ದಕ್ಕೆ ಮಮ್ಮಿಯ ಕೂದಲು ದಪ್ಪ, ಅದಕ್ಕೆ ಹಾಗೆ ಕಾಣುತ್ತದೆ ಎಂದು ಸಮಾಧಾನ ಹೇಳಿದ್ದರು. ಒಳ್ಳೆಯ ಮನುಷ್ಯ, ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಇದೊಂದು ಹೋಗಲಿ ಎಂದು ನಾನೂ ಬಿಟ್ಟಿದ್ದೆ.

ಈ ಸುಳ್ಳೇ ಮೇಜಿಗೆ ಅಡಿಪಾಯವಾಯಿತು.

ಒಂದು ಶುಕ್ರವಾರ, ಇಲ್ಲಿಯ ರಜಾ ದಿನ, ಮನಾಮಾದ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಸೀರೆ ಬದಲಿಸುವ ಮೊದಲೇ ನನ್ನನ್ನು ಶೆಡ್ಡಿಗೆ ಕರೆದರು. ಕೈಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು.

"ಇಲ್ಲಿ ಗೋಡೆಗೆ ನಿಲ್ಲು. ಅಳತೆ ತೆಗಿಲಿಕ್ಕುಂಟು."

"ನನ್ನ ಅಳತೆ ಯಾಕ್ರೀ? ತೋಟೆ ತುಂಬೋರು ನೀವು. ನೀವು ನಿಂತ್ಕೊಳ್ಳಿ, ನಾನು ಅಳೀತೀನಿ."

"ನೀನು ಅಳೆದರೆ ಅರ್ಧ ಇಂಚು ಆಚೆ ಈಚೆ ಆಗ್ತದೆ. ಇದು ಜ್ವರ ನೋಡಿದ ಹಾಗಲ್ಲ. ನನ್ನ ಮೊಣಕೈ ನಾನೇ ಅಳೆಯಲಿಕ್ಕೆ ಆಗುವುದಿಲ್ಲ, ಬಗ್ಗಿದರೆ ಮೊಣಕೈಯೂ ಬಗ್ಗುತ್ತದೆ. ಇಬ್ಬರೂ ಒಂದೇ ಹೈಟ್ ಅಲ್ವಾ? ನಿಲ್ಲು."

ಮಗಳು ಕಿಟಕಿಯಿಂದ ನೋಡುತ್ತಿದ್ದಳು, ಏನೋ ಹೇಳಲು ಹೊರಟಳು, ಕಣ್ಣಲ್ಲೇ ಗದರಿದೆ. ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಭುಜ ಎತ್ತಬೇಡ. ಕೈ ಸಡಿಲ ಬಿಡು. ಮೊಣಕೈ ಮಡಚು. ಹಾಂ, ಹಾಗೇ." ಟೇಪು ನೆಲದಿಂದ ನನ್ನ ಮೊಣಕೈಗೆ ಬಂತು. ಗೋಡೆಯ ಮೇಲೆ ಪೆನ್ಸಿಲಿನ ಗೆರೆ. "ಈಗ ಹಿಡಿಕೆ ಕೆಳಗೆ ಎಳೆದ ಹಾಗೆ ಮಾಡು. ಸೊಂಟಕ್ಕೆ ಎಳೀತದಾ?"

"ಇಲ್ಲ."

"ಕರೆಕ್ಟ್ ಹೇಳು. ಒಂದು ಚೂರು ಎಳೆದರೂ ಹೇಳು. ಸೊಂಟ ಹಿಡಿಯುವ ಮೇಜು ಮಾಡಿ ಎಂತ ಪ್ರಯೋಜನ? ಮನುಷ್ಯ ಗಂಟೆಗಟ್ಟಲೆ ನಿಲ್ಲುವ ಜಾಗ ಅದು."

ಆ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷಗಳಲ್ಲಿ ಆ ಮನುಷ್ಯ ನನ್ನ ಸೊಂಟದ ಬಗ್ಗೆ ಕೇಳಿದ್ದು ಅದೇ ಮೊದಲು, ಅದೂ ಹಂದಿಯ ಸಲುವಾಗಿ.

"ಅಡುಗೆಮನೇಲೂ ಮನುಷ್ಯರೇ ನಿಲ್ಲೋದು ರೀ," ಅಂದೆ.

"ಅದು ಕಂಪನಿ ಮನೆ ಅಂತ ಹೇಳಿದೆನಲ್ಲ. ಅಲ್ಲಾಡಬೇಡ."

ಅಲ್ಲಾಡಲಿಲ್ಲ. ಮೊಣಕಾಲಿಗೆ ಜಾಗ ಎಷ್ಟು ಬೇಕು, ಕಾಲಿಡುವ ಅಡ್ಡಪಟ್ಟಿ ಎಲ್ಲಿ ಬರಬೇಕು, ಕೈ ಚಾಚಿದರೆ ಹಿಂದಿನ ಗೂಡು ಎಟಕುತ್ತದೆಯೇ, ದೀಪ ಎಡಗಡೆಯಿಂದ ಬಂದರೆ ಕೈಯ ನೆರಳು ಬೀಳುತ್ತದೆಯೇ, ಒಂದೊಂದನ್ನೂ ಕೇಳಿದರು. ನಾನು ಒಂದೊಂದಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟೆ. ಕೇಳುವವರಿಲ್ಲದೆ ಒಳಗೇ ಕೂತಿದ್ದ ಉತ್ತರಗಳು ಅವು, ಕೇಳಿದ ತಕ್ಷಣ ಸಾಲಾಗಿ ಬಂದವು. ಅಂಚು ಚೂಪಾಗಿದ್ದರೆ ಮಣಿಕಟ್ಟಿಗೆ ಒತ್ತುತ್ತದೆ, ಉರುಟು ಮಾಡಿ ಅಂದೆ. ಮಧ್ಯೆ ಮಧ್ಯೆ ಕೂರಲು ಎತ್ತರದ ಸ್ಟೂಲು ಬೇಕು ಅಂದೆ. ಹಿಂದೆ ಒಂದು ಪಟ್ಟಿ ಹೊಡೆಯಿರಿ, ಇಲ್ಲದಿದ್ದರೆ ಸಾಮಾನು ಉರುಳಿ ಗೋಡೆಯ ಸಂದಿಗೆ ಬೀಳುತ್ತದೆ ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಬೆಳ್ಳುಳ್ಳಿ, ಅವರ ಮನಸ್ಸಿನಲ್ಲಿದ್ದದ್ದು ಚರೆ. "ಪಾಯಿಂಟ್ ಉಂಟು ಮಾರಾಯ್ತಿ ನಿನ್ನಲ್ಲಿ!" ಎಂದು ಬೆರಗಾದರು.

ಆಮೇಲೆ ಶುಕ್ರವಾರ ಶನಿವಾರಗಳೆಲ್ಲ ಮೇಜಿನ ಪಾಲಾದವು. ಕೆಲಸ ಮುಗಿದ ಕಟ್ಟಡದಿಂದ ಹಳೆಯ ಸಾರುವೆ ಹಲಗೆಗಳನ್ನು ತಂದು ಕೀಸಿದರು. ಕಾಲಿಗೆ ದಪ್ಪ ತೊಲೆ, ಮೇಲೆ ಎರಡು ಪ್ಲೈವುಡ್ ಅಂಟಿಸಿ ಅದರ ಮೇಲೆ ನುಣ್ಣನೆಯ ಹಾಳೆ. ಅಂಟು ಹಾಕಿದ ಮೇಲೆ ಭಾರಕ್ಕೆ ನನ್ನ ಅಕ್ಕಿ ಚೀಲ, ನನ್ನ ರುಬ್ಬುವ ಯಂತ್ರ, ಕೊನೆಗೆ ಮಗಳ ಪುಸ್ತಕಗಳೂ ಅದರ ಮೇಲೆ ಹತ್ತಿದವು. ಸಮುದ್ರದ ತೇವ ತಗುಲಬಾರದೆಂದು ಬಣ್ಣದ ಮೇಲೆ ಬಣ್ಣ. ಮೇಜು ಇಷ್ಟು ದಿನವೂ ಬುಡಮೇಲಾಗಿಯೇ ಇತ್ತು, ಕಾಲುಗಳು ಆಕಾಶಕ್ಕೆ. ಅದಕ್ಕೇ ಅದರ ಎತ್ತರ ಯಾರಿಗೂ ಗೊತ್ತಾಗಲಿಲ್ಲ, ಕಟ್ಟಿದವರಿಗಂತೂ ಗೊತ್ತಾಗಲೇ ಇಲ್ಲ.

ನಿಲ್ಲಿಸಿದ ದಿನ ಪರೀಕ್ಷೆ. ಮೇಜು ಅಲ್ಲಾಡುತ್ತದೆಯೇ ಎಂದು ನೋಡಲು ಹಿಡಿಕೆಯ ಯಂತ್ರ ಬೇಕು, ಆ ಯಂತ್ರವನ್ನು ಈ ದೇಶಕ್ಕೆ ತರುವ ಧೈರ್ಯ ಯಾರಿಗೂ ಇಲ್ಲ. ಅವರು ಯೋಚಿಸುತ್ತ ಅಡುಗೆಮನೆಗೆ ಬಂದು, ಅತ್ತೆ ಮದುವೆಯಲ್ಲಿ ಕೊಟ್ಟಿದ್ದ ಶಾವಿಗೆ ಒರಳನ್ನು ಎತ್ತಿಕೊಂಡು ಹೋದರು. ಕಬ್ಬಿಣದ ಒರಳು, ಉದ್ದ ಹಿಡಿಕೆ, ಒತ್ತಿದರೆ ಕೆಳಗೆ ಶಾವಿಗೆ ಇಳಿಯುತ್ತದೆ. ಅದನ್ನು ಮೇಜಿಗೆ ಬೋಲ್ಟು ಹಾಕಿ ಬಿಗಿದರು. ಪಕ್ಕದಲ್ಲಿ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟರು. ಬೇಯಿಸಿದ ಹಿಟ್ಟಿನ ಉಂಡೆ ತರಲು ನನಗೆ ಅಪ್ಪಣೆಯಾಯಿತು.

"ನೀನು ಒತ್ತು. ನಾನು ಲೋಟ ನೋಡ್ತೇನೆ."

ಒತ್ತಿದೆ. ಕೆಳಗಿನ ತಟ್ಟೆಗೆ ಶಾವಿಗೆ ಇಳಿಯಿತು. ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ. ಅವರು ಕುಣಿದಾಡಿಬಿಟ್ಟರು. ನಾನು ಮಾತ್ರ ಸುಮ್ಮನೆ ಇನ್ನೊಂದು ಉಂಡೆ ಹಾಕಿ ಒತ್ತಿದೆ, ಮತ್ತೊಂದು ಹಾಕಿದೆ. ಬೆನ್ನು ನೆಟ್ಟಗಿತ್ತು. ಕತ್ತು ನೆಟ್ಟಗಿತ್ತು. ಒಂದು ಕಾಲು ಅಡ್ಡಪಟ್ಟಿಯ ಮೇಲೆ ತಾನಾಗಿ ಹೋಗಿ ಕೂತಿತ್ತು. ಮದುವೆಯಾಗಿ ಬಂದಮೇಲೆ ಮೊದಲ ಬಾರಿಗೆ ಒಂದು ಕೆಲಸವನ್ನು ಸೊಂಟ ನೋಯದೆ ಮಾಡಿದೆ. ಕಣ್ಣಲ್ಲಿ ನೀರು ಬಂತು, ಹಬೆ ಎಂದುಕೊಳ್ಳಲಿ ಎಂದು ಮುಖವನ್ನು ತಟ್ಟೆಯ ಕಡೆಗೆ ತಿರುಗಿಸಿದೆ.

"ರೀ, ಇದು ನನಗೆ ಬೇಕು," ಅಂದೆ. "ಒಳಗೆ ಸ್ಟೋರ್ ರೂಮಿನಲ್ಲಿ ಹಾಕಿಸಿ. ಊರಿಗೆ ಹೋಗೋವರೆಗಾದರೂ."

ಅವರು ನಾನು ಚರ್ಚಿನ ಬಲಿಪೀಠದ ಮೇಲೆ ಮೀನು ಹೆಚ್ಚುತ್ತೇನೆ ಅಂದಷ್ಟು ಗಾಬರಿಯಾದರು. "ಎಂತ ಮಾತು ಆಡ್ತಿ? ಪ್ರಿಸಿಶನ್ ಮೇಜು ಇದು. ಹಿಟ್ಟು ಎಣ್ಣೆ ತಾಗಿದರೆ ಖಲಾಸ್. ಒರೆಸು, ಮೊದಲು ಒರೆಸು!"

ಒರೆಸಿದೆ. ಆ ದಿನ ಶಾವಿಗೆಯನ್ನು ನಾನು ತಿನ್ನಲಿಲ್ಲ.

ಮುಂದಿನ ಶುಕ್ರವಾರ ಪೂಜೆಯ ನಂತರ ಒಬ್ಬ ಗೆಳೆಯರನ್ನು ಕರೆತಂದರು. ಉಡುಪಿಯವರು, ಮನಾಮಾದಲ್ಲಿ ಫರ್ನಿಚರ್ ಅಂಗಡಿ, ಬಾಯಿಗೆ ಬಾಗಿಲಿಲ್ಲ. ಅವರು ಮೇಜನ್ನು ಸುತ್ತು ಬಂದರು, ತಟ್ಟಿದರು, ಅಂಚಿನ ಮೇಲೆ ಕೈಯಾಡಿಸಿದರು. "ಆನೆ ನಿಲ್ಲಿಸ್ಬಹುದು ಮಾರಾಯ್ರೇ!" ಎಂದರು. ಹಾಗೆಯೇ, "ನೀವು ನಿಂತು ತೋರಿಸಿ ನೋಡುವ," ಎಂದರು.

ನನ್ನ ಗಂಡ ಮೇಜಿನ ಮುಂದೆ ನಿಂತರು. ನಾನು ಚಹಾದ ಟ್ರೇ ಹಿಡಿದು ಬಾಗಿಲಲ್ಲಿದ್ದೆ. ಪಾಪ ಅನ್ನಿಸಿತು, ನಗುವೂ ಬಂತು, ಎರಡೂ ಒಟ್ಟಿಗೆ. ಎರಡೂ ಮೊಣಕೈ ರೆಕ್ಕೆಯಂತೆ ಮೇಲೆದ್ದವು. ಹಿಡಿಕೆಗೆ ಕೈ ಹಾಕಲು ತುದಿಗಾಲಲ್ಲಿ ನಿಂತರು. ಅಡ್ಡಪಟ್ಟಿಯ ಮೇಲೆ ಕಾಲಿಡಲು ಹೋದರೆ ಮೊಣಕಾಲು ಹೊಟ್ಟೆಯ ಹತ್ತಿರ ಬಂತು. ಬ್ಯಾಂಕಿನ ಕೌಂಟರಿನ ಮುಂದೆ ಅಪ್ಪನ ಜೊತೆ ಬಂದ ಮಕ್ಕಳು ಹೀಗೇ ನಿಲ್ಲುತ್ತಾರೆ.

"ಸ್ವಲ್ಪ ಎತ್ತರ ಆಯ್ತಾ ಹೇಗೆ?" ಎಂದರು ಗೆಳೆಯರು.

"ಇಲ್ಲಿಯ ನೆಲ ಇಳಿಜಾರು," ಎಂದರು ನನ್ನ ಗಂಡ. "ಸೇಫ್ಟಿ ಶೂ ಹಾಕಿದರೆ ಸರಿ ಆಗ್ತದೆ."

ಸೇಫ್ಟಿ ಶೂ ಹಾಕಿ ಬಂದರು. ಸರಿ ಆಗಲಿಲ್ಲ. ಗೆಳೆಯರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಚಹಾ ಬಹಳ ಚೆನ್ನಾಗಿದೆ ಅಕ್ಕ ಎಂದರು. ಬಾಗಿಲಿಲ್ಲದ ಆ ಬಾಯಿಯೂ ಅವತ್ತು ಮುಚ್ಚಿಕೊಂಡಿತು.

ಅದೇ ವಾರ ಊರಿನಿಂದ ಮೈದುನನ ವಿಡಿಯೊ ಕರೆ ಬಂತು. ಅಣ್ಣ ತಮ್ಮ ಮಾತಾಡುವುದು ಕೊಂಕಣಿಯಲ್ಲಿ, ಪಕ್ಕದಲ್ಲಿ ನಾನಿದ್ದರೆ ಕನ್ನಡ. ನನ್ನ ಗಂಡ ಫೋನನ್ನು ಮೇಜಿನ ಸುತ್ತ ತಿರುಗಿಸಿ ತೋರಿಸಿದರು, ಡ್ರಾಯರುಗಳನ್ನು ಎಳೆದು ತೋರಿಸಿದರು. ಮೈದುನ ಎಲ್ಲವನ್ನೂ ನೋಡಿ ತಲೆ ಕೆರೆದುಕೊಂಡ.

"ಅಣ್ಣ, ಎಂತ ಅಂದ್ರೆ, ಕೋವಿ ಈಗ ಇಲ್ಲ."

"ಇಲ್ಲ ಅಂದ್ರೆ?"

"ಪ್ರತಿ ಓಟಿಗೂ ಠಾಣೆಗೆ ಕೊಡ್ಲಿಕ್ಕೆ, ಆಮೇಲೆ ತರ್ಲಿಕ್ಕೆ, ಲೈಸೆನ್ಸ್ ರಿನ್ಯೂ ಮಾಡ್ಲಿಕ್ಕೆ, ಯಾರಿಗೆ ಪುರುಸೊತ್ತುಂಟು? ಈ ಸಲ ಕೊಟ್ಟದ್ದನ್ನು ತರ್ಲಿಕ್ಕೆ ಹೋಗಲಿಲ್ಲ. ಬೇಡ ಅಂತ ಬರೆದು ಕೊಟ್ಟೆ. ಮರಗೆಣಸೂ ಬಿಟ್ಟಾಯ್ತು, ಸುತ್ತ ಸೋಲಾರ್ ಬೇಲಿ ಹಾಕ್ಸಿದ್ದೇನೆ. ಹಂದಿ ಒಂದು ಸಲ ಮೂಗು ತಾಗಿಸಿದ್ರೆ ಮತ್ತೆ ಆ ಕಡೆ ಬರುವುದಿಲ್ಲ. ಅತ್ತಿಗೆ, ಚೆಂದ ಉಂಟು ಮೇಜು."

ಕರೆ ಮುಗಿಯಿತು. ಅವರು ಫೋನನ್ನು ಮೇಜಿನ ಮೇಲಿಟ್ಟು, ಎಳೆದಿದ್ದ ಡ್ರಾಯರುಗಳನ್ನು ಒಂದೊಂದಾಗಿ ಒಳಗೆ ತಳ್ಳಿದರು. ನನಗೆ ನಿಜವಾಗಿ ಸಂಕಟವಾಯಿತು. ಕೋವಿ ಹೋದದ್ದಕ್ಕಲ್ಲ. ಊರಿಗೆ ಹೋದರೆ ತನ್ನನ್ನು ಕಾಯುತ್ತಿರುವ ಕೆಲಸವೊಂದಿದೆ ಎಂದು ಅವರು ಇಷ್ಟು ದಿನ ನಂಬಿಕೊಂಡಿದ್ದರು, ಆ ಕೆಲಸವನ್ನು ಒಂದು ತಂತಿಬೇಲಿ ಮಾಡುತ್ತಿತ್ತು. ಊಟಕ್ಕೆ ಅವರಿಗಿಷ್ಟದ ಬಂಗುಡೆ ಹುರಿದೆ, ಆ ತಗ್ಗಿನ ಕಟ್ಟೆಯ ಮುಂದೆ ಬಾಗಿಯೇ. ಊಟವಾದ ಮೇಲೆ, ಇನ್ನಾದರೂ ಒಪ್ಪುತ್ತಾರೆಂದು ಕೇಳಿದೆ.

"ಈಗ ಮೇಜು ನನಗೆ ಕೊಡಬಹುದಲ್ವೇನ್ರೀ?"

"ಯಾಕೆ? ನನಗೆ ಬೇರೆ ಕೆಲಸ ಇಲ್ವಾ? ರಿಪೇರಿ ಮೇಜು ಮಾಡ್ತೇನೆ. ಕಾಲು ಸ್ವಲ್ಪ ಕತ್ತರಿಸಿದರೆ ಫಸ್ಟ್ ಕ್ಲಾಸ್ ಆಗ್ತದೆ."

ಬಂದ ಸಂಕಟವೆಲ್ಲ ಒಂದೇ ಏಟಿಗೆ ಇಳಿಯಿತು. ಏನನ್ನು ರಿಪೇರಿ ಮಾಡುತ್ತಾರಂತೆ? ಮನೆಯಲ್ಲಿ ಕೆಟ್ಟಿರುವುದು ನನ್ನ ಬೆನ್ನು ಒಂದೇ. ಕಾಲು ಕತ್ತರಿಸಿದರೆ ಈ ಮೇಜೂ ಆ ಕಟ್ಟೆಯ ತಮ್ಮನಾಗುತ್ತದೆ, ನಾನು ಶೆಡ್ಡಿನಲ್ಲೂ ಬಾಗಬಹುದು. ಆ ವಾರವೆಲ್ಲ ನಾನು ಅವರ ಜೊತೆ ಬೇಕಾದಷ್ಟೇ ಮಾತಾಡಿದೆ. ಚಾ ರೆಡಿ. ಊಟ ರೆಡಿ. ಇಷ್ಟೇ.

ಶುಕ್ರವಾರ ಫರ್ನಿಚರ್ ಗೆಳೆಯರು ಕರೆಂಟಿನ ಗರಗಸ ಹಿಡಿದು ಬಂದರು. ಹೊರಗೆ ಆಗಲೇ ಸೆಕೆ ಶುರುವಾಗಿತ್ತು. ನಾನು ಬೇಕೆಂದೇ ಬೆಳಿಗ್ಗೆ ಹಿಟ್ಟು ಬೇಯಿಸಿ, ಶಾವಿಗೆ ಒರಳಿನ ಮುಂದೆ ನಿಂತು ಒತ್ತುತ್ತಿದ್ದೆ. ಪ್ರಿಸಿಶನ್ ಮೇಜಿನ ಮೇಲೆ ಹಿಟ್ಟು ಬಿದ್ದಿತ್ತು, ಎಣ್ಣೆಯೂ ಬಿದ್ದಿತ್ತು. ಮಗಳು ತಟ್ಟೆ ಹಿಡಿದಿದ್ದಳು, ತಮಾಷೆ ನೋಡಲು.

"ಸ್ವಲ್ಪ ಆಚೆ ಹೋಗು," ಎಂದರು ನನ್ನ ಗಂಡ. "ಕಾಲು ಕತ್ತರಿಸ್ಲಿಕ್ಕುಂಟು."

"ಎಷ್ಟು ಕತ್ತರಿಸ್ಬೇಕು?" ಗೆಳೆಯರು ಗರಗಸದ ತಂತಿಯನ್ನು ಸಿಕ್ಕಿಸುತ್ತ ಕೇಳಿದರು.

"ಅದು... ಒಂದು ಅಂದಾಜಿಗೆ."

"ಅಂದಾಜಿಗೆ ಕತ್ತರಿಸಿದ್ರೆ ಮತ್ತೆ ಅಂಟಿಸ್ಲಿಕ್ಕೆ ಬರುವುದಿಲ್ಲ. ಕರೆಕ್ಟ್ ಹೇಳಿ."

ಒರಳಿನ ಹಿಡಿಕೆ ಬಿಟ್ಟೆ. ಕೈ ಒರೆಸಿಕೊಂಡೆ. ಮೊಳೆಗೆ ತೂಗಿದ್ದ ಅವರದೇ ಟೇಪನ್ನು ತೆಗೆದೆ.

"ಅಂದಾಜು ಯಾಕ್ರೀ? ಪ್ರಿಸಿಶನ್ ಮೇಜಲ್ವಾ? ಗೋಡೆ ಮೇಲೆ ನನ್ನ ಮೊಣಕೈ ಗೆರೆ ಹಾಗೇ ಇದೆ ನೋಡಿ. ಅದರ ಪಕ್ಕ ನೀವು ಬಂದು ನಿಂತ್ಕೊಳ್ಳಿ, ನಿಮ್ಮ ಗೆರೆ ಹಾಕ್ತೀನಿ. ಎರಡರ ಮಧ್ಯೆ ಎಷ್ಟಿದೆಯೋ ಅಷ್ಟು ಕತ್ತರಿಸಿದರಾಯ್ತು. ನೀವೇ ಗಟ್ಟಿಯಾಗಿ ಓದಿ ಹೇಳಿ, ಅವರು ಕತ್ತರಿಸ್ತಾರೆ."

ನಗು ಬರಿಸಲು ಹೇಳಿದ ಮಾತಲ್ಲ ಅದು. ಅವರು ನಿಂತುಬಿಟ್ಟರೆ ನನ್ನ ಮೇಜು ಹೋಯಿತು, ಅದು ನನಗೆ ಗೊತ್ತಿತ್ತು. ನಾಲ್ಕು ಹೆಜ್ಜೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಒಂದು ಅಂಕಿ ಓದಿದ್ದರೆ ಸಾಕಿತ್ತು.

ಅವರು ಗೋಡೆಯನ್ನು ನೋಡಿದರು. ಪೆನ್ಸಿಲಿನ ಗೆರೆಯನ್ನು ನೋಡಿದರು. ಗೆಳೆಯರನ್ನು, ಮಗಳನ್ನು ನೋಡಿದರು. ನನ್ನ ಮುಖ ನೋಡಲು ತಲೆ ಸ್ವಲ್ಪ ಎತ್ತಬೇಕಾಯಿತು, ಎತ್ತಿದರು, ತಕ್ಷಣ ಇಳಿಸಿದರು. ಹಣೆಯ ಮೇಲೆ ಬೆವರಿತ್ತು.

"ಬೇಡ," ಎಂದರು. "ಬೇಡ ಬಿಡಿ, ಕತ್ತರಿಸುವುದು ಬೇಡ. ನಿಮಗೆ ಹೇಳಲಿಲ್ಲ ನಾನು, ಇದು ನಿಜವಾಗಿ ಇವಳಿಗೋಸ್ಕರ ಡಿಸೈನ್ ಮಾಡಿದ್ದು. ಇವಳಿಗೆ ಸೊಂಟನೋವು. ಅದಕ್ಕೇ ಇವಳ ಅಳತೆ ತೆಗೆದದ್ದು, ಗೋಡೆ ಮೇಲೆ ನೋಡಿ. ಒಳಗೆ ಹಾಕುವ, ಹಿಡೀರಿ ಒಂದು ಕೈ."

ಗೆಳೆಯರು ಗರಗಸದ ತಂತಿ ಕಿತ್ತರು. "ಅಬ್ಬಾ, ಹೆಂಡತಿಗೋಸ್ಕರ ಇಷ್ಟು ಮಾಡುವವರು ಯಾರಿದ್ದಾರೆ ಈಗ!" ಎಂದರು, ನನ್ನ ಕಡೆ ನೋಡದೆ.

ಮೇಜು ಈಗ ಸ್ಟೋರ್ ರೂಮಿನಲ್ಲಿದೆ. ಚರೆಗೆಂದು ಮಾಡಿದ ಡ್ರಾಯರಿನಲ್ಲಿ ಜೀರಿಗೆ, ಮದ್ದಿಗೆಂದು ಮಾಡಿದ್ದರಲ್ಲಿ ಉದ್ದಿನಬೇಳೆ. ಕ್ರಿಸ್‌ಮಸ್ಸಿಗೆ ಹಂಚುವ ಕುಸ್ವಾರ್ ತಿಂಡಿಗಳನ್ನು ಪೂರ್ತಿ ಅದರ ಮೇಲೆ ಮಾಡಿದೆ, ಬಾಗದೆ. ಫಿಸಿಯೊಥೆರಪಿಯವಳು ಬೆನ್ನನ್ನು ಒತ್ತಿ ನೋಡಿ ಏನು ಮಾಡಿದಿರಿ ಎಂದು ಕೇಳಿದಳು. ಚರ್ಚಿನಲ್ಲಿ ಈ ಸುದ್ದಿ ಹಬ್ಬಿ, ಹೆಂಗಸರು ತಮ್ಮ ಗಂಡಂದಿರಿಗೆ ನನ್ನ ಗಂಡನನ್ನು ತೋರಿಸಿ ಬುದ್ಧಿ ಹೇಳುತ್ತಾರೆ. ನನ್ನ ಗಂಡ ಕೂಡ ಈಗ ಆ ಕಥೆಯನ್ನು ನಂಬಿದ್ದಾರೆ. ಊಟಕ್ಕೆ ಬಂದವರನ್ನೆಲ್ಲ ಸ್ಟೋರ್ ರೂಮಿಗೆ ಕರೆದೊಯ್ದು, ಸೊಂಟಕ್ಕೆ ಒಂದು ಚೂರೂ ಎಳೆಯಬಾರದು ಎಂದು ತಾನು ಎಷ್ಟು ತಲೆ ಕೆಡಿಸಿಕೊಂಡೆ ಎಂದು ವಿವರಿಸುತ್ತಾರೆ. ಹಂದಿ ಆ ಕಥೆಯಿಂದ ಹೊರಟುಹೋಗಿದೆ, ಹಂಡೆ ಹೋದ ದಾರಿಯಲ್ಲೇ. ನಾನು ಅತ್ತು ಕೇಳಿದಾಗ ಸಿಗದ ಮೇಜು ಅವರ ಒಂದು ಸುಳ್ಳು ಉಳಿಯಲೆಂದು ಸಿಕ್ಕಿತು. ಅದನ್ನು ನೆನೆದಾಗಲೆಲ್ಲ ಈಗಲೂ ಸಿಟ್ಟು ಬರುತ್ತದೆ.

ಕಳೆದ ಆಗಸ್ಟಿನಲ್ಲಿ ಫರ್ನಿಚರ್ ಗೆಳೆಯರು, ಅವರ ಹೆಂಡತಿ ಊಟಕ್ಕೆ ಬಂದಿದ್ದರು. ಹೊರಗೆ ಕಾಲಿಟ್ಟರೆ ಚಪ್ಪಲಿ ಕರಗುವ ಬಿಸಿಲು. ನಾನು ಶಾವಿಗೆಗೆ ಉಂಡೆ ಹಾಕುತ್ತಿದ್ದೆ, ನನ್ನ ಗಂಡ ಹಿಡಿಕೆ ಒತ್ತುತ್ತಿದ್ದರು. ಅದೊಂದು ಕೆಲಸಕ್ಕೆ ಅವರು ಈಗ ಕರೆಯದೆಯೇ ಬರುತ್ತಾರೆ, ಬರುವಾಗ ತಾವೇ ಮಾಡಿಕೊಂಡ ದಪ್ಪ ಮರದ ಮಣೆಯೊಂದನ್ನು ತಂದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲುತ್ತಾರೆ.

"ಮಣೆ ಎಂತಕ್ಕೆ ಅಣ್ಣ?" ಎಂದು ಗೆಳೆಯರ ಹೆಂಡತಿ ಕೇಳಿದರು. ಏನೂ ಗೊತ್ತಿಲ್ಲದ ಸಾಧು ಹೆಂಗಸು.

ಹಿಡಿಕೆ ಅರ್ಧದಲ್ಲಿ ನಿಂತಿತು. ಮಗಳು ತುಟಿ ಕಚ್ಚಿಕೊಂಡಳು. ಅವರು ನನ್ನ ಕಡೆ ತಿರುಗಿದರು, ಮಣೆಯ ಮೇಲಿದ್ದುದರಿಂದ ಅವರ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೇ ಇತ್ತು.

"ನೆಲ ತಣ್ಣಗಿರುತ್ತಲ್ಲಾ," ಅಂದೆ ನಾನು. "ಒತ್ರೀ ನೀವು, ಹಿಟ್ಟು ಆರಿಹೋಗುತ್ತೆ."